ಮೆಟ್ಟಿಲ ಕೆಳಗಿನ ಸೀರೆ

ಹಾಸನದಿಂದ ಮೇಘಶ್ರೀ ಬಂದಳೆಂದರೆ ಅಣ್ಣನ ಮನೆಯಲ್ಲಿ ಏನೋ ಒಂದು ಸರಿಯಿಲ್ಲವೆಂದೇ ಲೆಕ್ಕ. ಅವಳು ಬರುವವರೆಗೆ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಹೋದ ಸಲ ಅಡುಗೆಮನೆಯ ಡಬ್ಬಗಳಿಗೆಲ್ಲ 'ಉಪ್ಪು', 'ಸಕ್ಕರೆ' ಎಂದು ಚೀಟಿ ಅಂಟಿಸಿ ಹೋಗಿದ್ದಳು. ಮೂವತ್ತು ವರ್ಷದಿಂದ ಅದೇ ಡಬ್ಬಗಳಿಗೆ ಕೈ ಹಾಕುತ್ತಿದ್ದ ಅತ್ತಿಗೆಗೆ ಉಪ್ಪು ಯಾವುದೆಂದು ಮರೆತುಹೋದೀತೆಂಬ ಕಾಳಜಿ. ಈ ಸಲ ಶಾಂತಿಗ್ರಾಮದಲ್ಲಿ ಬಸ್ಸಿಳಿದು, ಹೊಸ್ತಿಲು ದಾಟಿದವಳೇ ನಡುಮನೆಯ ಮೆಟ್ಟಿಲ ಕೆಳಗಿನ ಮೂಲೆ ನೋಡಿ ನಿಟ್ಟುಸಿರುಬಿಟ್ಟಳು.

"ಅತ್ತಿಗೆ, ನಾಳೆ ಹುಡ್ಗಿ ಕಡೆಯೋರು ಬರೋದು ಇದನ್ನ ನೋಡಕ್ಕಾ?"

ಆ ಮೂಲೆಯಲ್ಲಿದ್ದದ್ದು ಮನೆಯ ಬದುಕು. ರಾಗಿ ಮೂಟೆ, ಬೂಸದ ಮೂಟೆ, ತೆಂಗಿನಕಾಯಿ ರಾಶಿ, ಎರಡು ಹಾಲಿನ ಕ್ಯಾನು, ಮಂಕರಿಯಲ್ಲಿ ಕಾವಿಗೆ ಕೂತ ಕೋಳಿ. ಮೇಲೆ ಗೋಡೆಯ ಮೊಳೆಗಳಿಗೆ ನೇತುಬಿದ್ದ ಕವರುಗಳಲ್ಲಿ ಊರ ಹೆಂಗಸರ ರವಿಕೆಗಳು, ಒಂದೊಂದಕ್ಕೂ ಹೆಸರಿನ ಚೀಟಿ. ಅತ್ತಿಗೆ ಪುಟ್ಟಲಕ್ಷ್ಮಿ ಕೋಳಿ ಕೂಗುವ ಹೊತ್ತಿಗೆ ಎದ್ದು ಎಂಟು ಹಸುಗಳ ಹಾಲು ಕರೆದು, ಉಳಿದ ಹಗಲೆಲ್ಲ ಹೊಲಿಗೆ ಮೆಷಿನ್ನು ತುಳಿಯುತ್ತಿದ್ದಳು. ಮನೆಯ ಚೆಂದ ನೋಡುತ್ತ ಕೂರಲು ಅವಳಿಗೆ ಹೊತ್ತೂ ಇರಲಿಲ್ಲ, ಸೊಂಟವೂ ಇರಲಿಲ್ಲ.

ಆದರೂ ಅವಳು ಎದುರಾಡಲಿಲ್ಲ. ಮಗ ಶಾಂತರಾಜುವಿಗೆ ಆಗಲೇ ಮೂವತ್ತು. ಹಸು ಕಟ್ಟಿಕೊಂಡು ಊರಲ್ಲೇ ಇರುವ ಹುಡುಗನಿಗೆ ಹೆಣ್ಣು ಕೊಡುವವರು ಇಲ್ಲವಾಗಿತ್ತು. ಮೊದಲು ಬಂದವರು 'ಹುಡುಗನಿಗೆ ಕೆಲಸವಿಲ್ಲ' ಎಂದು ಎದ್ದು ಹೋದರು, ಬೆಳಿಗ್ಗೆ ನಾಲ್ಕಕ್ಕೆ ಎದ್ದು ದುಡಿಯುವವನಿಗೆ. ಎರಡನೆಯವರು 'ಮನೆ ಒಳ್ಳೆ ಗೋಡೌನ್ ಇದ್ದಂಗದೆ, ನಮ್ಮುಡ್ಗಿ ಎಲ್ ಕುಂತ್ಕಬೇಕು' ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಹೋದರು. ಈಗ ಹರದನಹಳ್ಳಿಯ ರಂಗಸ್ವಾಮಿಯ ಮಗಳು ರೂಪಶ್ರೀ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ಹುಡುಗಿಯ ಮನೆಯವರು ಬಂದು ಮನೆ ನೋಡುವುದೊಂದು ಬಾಕಿ. 'ಇದೂ ತಪ್ಪೋದ್ರೆ ನಾನಿನ್ನು ಎಣ್ಣು ನೋಡಕ್ಕೆ ಓಗಾಕಿಲ್ಲ ಕಣವ್ವ' ಎಂದು ಶಾಂತರಾಜು ಹಾಲಿನ ಕ್ಯಾನು ತೊಳೆಯುತ್ತ, ಮುಖ ತೋರಿಸದೆ ಹೇಳಿದ್ದ.

"ಒಂದು ಪರದೆ ಹಾಕುದ್ರೆ ಮುಗೀತು," ಎಂದಳು ಮೇಘಶ್ರೀ. "ಹೊಲಿಗೇನೇ ಬೇಡ. ಹತ್ತು ನಿಮಿಷದ ಕೆಲ್ಸ. ವಿಡಿಯೋ ನೋಡಿದೀನಿ."

ಹತ್ತು ನಿಮಿಷದ ಕೆಲಸ ಮಧ್ಯಾಹ್ನ ಎರಡಕ್ಕೆ ಶುರುವಾಗಿ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಬೀರುವಿನಿಂದ ಪುಟ್ಟಲಕ್ಷ್ಮಿಯ ಹಳೆಯ ದಾಳಿಂಬೆ ಬಣ್ಣದ ಸೀರೆ ಹೊರಗೆ ಬಂತು. ಶಾಂತರಾಜುವಿನ ನಾಮಕರಣಕ್ಕೆ ತವರಿನವರು ಉಡಿಸಿದ್ದು. ಮೇಘಶ್ರೀ ಅದನ್ನು ಅಳತೆಯಿಲ್ಲದೆ, ಕಣ್ಣಂದಾಜಿನಲ್ಲಿ ಕತ್ತರಿಸಿದಳು. ಅಂಚು ಮಡಚಿ ಒಳಗೆ ಅಂಟುಪಟ್ಟಿಯಿಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದಳು. ಪಟ್ಟಿ ಸಾಲದೆ ಬಂದಲ್ಲಿ ಬಿಸಿ ಅಂಟು ಸುರಿಯುವ ಪಿಸ್ತೂಲಿನಂಥದೊಂದನ್ನು ಹಿಡಿದು ಗುರಿಯಿಟ್ಟಳು. ಅದೂ ಮುಗಿದಲ್ಲಿ ಸೇಫ್ಟಿಪಿನ್ನು ಚುಚ್ಚಿದಳು. ಒಂದು ಕೈಯಲ್ಲಿ ಕೆಲಸ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಆ ಕೆಲಸದ ವಿಡಿಯೋ.

ಎರಡು ಮಾರು ದೂರದಲ್ಲಿ ಮೆಷಿನ್ನು ಸುಮ್ಮನೆ ನಿಂತಿತ್ತು.

"ತತ್ತಾ ಇಲ್ಲಿ. ಎಲ್ಡು ಸಲ ಮಡಚಿ ಒಂದು ಹೊಲ್ಗೆ ಓಡುಸ್ತೀನಿ. ಕಾಲು ಅಲ್ಲಾಡ್ಸೋದ್ರೊಳಗೆ ಆಯ್ತದೆ," ಎಂದಳು ಪುಟ್ಟಲಕ್ಷ್ಮಿ.

"ಹೊಲಿಗೆ ಹಾಕ್ಬುಟ್ರೆ ಅದು ಹೊಲಿಗೆ ಇಲ್ದಿರೋ ಪರದೆ ಹೆಂಗಾಗುತ್ತೆ ಅತ್ತಿಗೆ? ಸೂಜಿ ಮುಟ್ಟಂಗೇ ಇಲ್ಲ."

"ಪಿನ್ನು ಚುಚ್ಚುದ್ಯಲ್ಲ, ಅದಕ್ಕೆ ಮೊನೆ ಇಲ್ವಾ?"

"ಅದು ಬೇರೆ."

ಬಾಗಿಲಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದ ಕಾಂತರಾಜು ತಂಗಿಯ ಕಡೆ ಒಮ್ಮೆ, ಹೆಂಡತಿಯ ಕಡೆ ಒಮ್ಮೆ ನೋಡಿ, ಹಸುವಿಗೆ ನೀರು ತೋರಿಸುವ ನೆವ ಹೇಳಿ ಎದ್ದುಹೋದ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವನು ಕಲಿತದ್ದು ಅಷ್ಟು, ಚೆನ್ನಾಗಿಯೇ ಕಲಿತಿದ್ದ.

ಮೆಟ್ಟಿಲಿನಿಂದ ಗೋಡೆಗೆ ತಂತಿ ಬಿಗಿದು ಸೀರೆ ಕಟ್ಟಿದ್ದಾಯಿತು. ಮೂಟೆ, ಕ್ಯಾನು, ಕಾಯಿ, ರವಿಕೆ ಎಲ್ಲ ಮಾಯ. ಕೋಳಿಯನ್ನು ಎಬ್ಬಿಸಿದರೆ ಮೊಟ್ಟೆ ಕೆಡುತ್ತದೆಂದು ಅದನ್ನೂ ಒಳಗೇ ಬಿಟ್ಟರು. ಕೆಳಗಡೆ ಒಂದು ಕಡೆ ನೆಲ ಗುಡಿಸುವಷ್ಟು ಉದ್ದ, ಇನ್ನೊಂದು ಕಡೆ ಗೇಣು ಮೋಟು, ಅಂಚಿನಲ್ಲೆಲ್ಲ ನೂಲು ಎದ್ದು ಜೋತಾಡುತ್ತಿತ್ತು. ಮೇಘಶ್ರೀ ದೂರ ನಿಂತು ತಲೆ ವಾಲಿಸಿ ನೋಡಿ, "ಹೆಂಗೆ?" ಎಂದಳು. ಪುಟ್ಟಲಕ್ಷ್ಮಿ ಆ ನೂಲುಗಳನ್ನೇ ನೋಡುತ್ತಿದ್ದಳು. ಸೀರೆಯನ್ನು ಇಡಿಯಾಗಿ ಒಮ್ಮೆ ನೋಡಿದ್ದರೆ ಮಾರನೆಯ ದಿನದ ಫಜೀತಿ ಅಲ್ಲಿಗೇ ತಪ್ಪುತ್ತಿತ್ತು.

ಮಾರನೆಯ ದಿನ ಹನ್ನೊಂದಕ್ಕೆ ಅವರು ಬಂದರು. ರಂಗಸ್ವಾಮಿ, ಅವನ ಭಾವಮೈದುನ, ಮತ್ತು ರಂಗಸ್ವಾಮಿಯ ತಾಯಿ ಬೆಟ್ಟಮ್ಮ. ನೋಡುವುದು ಗಂಡಸರಾದರೂ ತೀರ್ಮಾನ ಮುದುಕಿಯದೆಂದು ಅವರು ಹೊಸ್ತಿಲಲ್ಲಿ ಅವಳಿಗೆ ದಾರಿ ಬಿಟ್ಟ ರೀತಿಯಲ್ಲೇ ಗೊತ್ತಾಯಿತು. ಹಸುವಿನ ವಾಸನೆ ಬರಬಾರದೆಂದು ಮೇಘಶ್ರೀ ಮನೆ ತುಂಬ ಸಾಂಬ್ರಾಣಿ ಹಾಕಿದ್ದಳು. ಹೊಗೆಯ ನಡುವೆ ಬೆಟ್ಟಮ್ಮ ಚಾಪೆಯ ಮೇಲೆ ಕೂತು, ಸುತ್ತ ನೋಡಿ, ಸೀರೆಯ ಮೇಲೆ ಕಣ್ಣು ನಿಲ್ಲಿಸಿದಳು. ಆಮೇಲೆ ಅವಳ ದನಿ ತಗ್ಗಿತು. ಮಗನಿಗೂ ಮೆಲ್ಲಗೆ ಮಾತಾಡೆಂದು ಕೈಸನ್ನೆ ಮಾಡಿದಳು.

"ಎಣ್ಮಕ್ಳು ಎಷ್ಟು ಜನವ್ವ ನಿಂಗೆ?" ಪಿಸುಮಾತಿನಲ್ಲಿ ಕೇಳಿದಳು.

"ಎಣ್ಮಕ್ಳಿಲ್ಲ ಕಣವ್ವ. ಶಾಂತರಾಜು ಒಬ್ನೇಯ."

"ಮೈದುನದೀರು, ಅವರ ಎಂಡ್ರು?"

"ಯಾರೂ ಇಲ್ಲ. ಇರೋದು ನಾವು ಮೂರೇ ಜನ."

ಅಷ್ಟರಲ್ಲಿ ಸೀರೆ ಒಳಗಿನಿಂದ ಅಲ್ಲಾಡಿತು. ಬೆಟ್ಟಮ್ಮನ ಮುಖ ಬಿಗಿಯಿತು. ಮುಂದಿಟ್ಟ ಕಾಫಿ ಲೋಟವನ್ನು ಒಂದೇ ಬೆರಳಿನಿಂದ ದೂರ ತಳ್ಳಿದಳು. ಅದನ್ನು ನೋಡಿ, ತುಟಿಯವರೆಗೆ ಹೋಗಿದ್ದ ಲೋಟವನ್ನು ರಂಗಸ್ವಾಮಿಯೂ ಕೆಳಗಿಟ್ಟ. ಕೋಡುಬಳೆ ಮುರಿದಿದ್ದ ಭಾವಮೈದುನ ಅದನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂತ.

ಆ ತಳ್ಳಿದ ಲೋಟ ನೋಡಿದಾಗ ಪುಟ್ಟಲಕ್ಷ್ಮಿಗೆ ತಟ್ಟನೆ ಹೊಳೆಯಿತು. ಆ ಸೀಮೆಯಲ್ಲಿ ನಡುಮನೆಯ ಮೂಲೆಗೆ ಹಳೇ ಸೀರೆ ಅಡ್ಡ ಕಟ್ಟುವುದು ಬಾಣಂತಿಗೆ. ಜೊತೆಗೆ ಸಾಂಬ್ರಾಣಿ ಹೊಗೆಯೂ ಇದ್ದರೆ ಅನುಮಾನವೇ ಬೇಡ. ಹೆತ್ತ ಪುರುಡು ಕಳೆಯುವವರೆಗೆ ಆ ಮನೆಯಲ್ಲಿ ಬಂದವರು ನೀರು ಮುಟ್ಟುವುದಿಲ್ಲ, ಸೀರೆ ಸರಿಸಿ ಇಣುಕುವುದೂ ಇಲ್ಲ. ಹಾಗಿರುವಾಗ ಹೆಣ್ಣುಮಕ್ಕಳಿಲ್ಲದ, ಸೊಸೆ ಬಾರದ ಮನೆಯಲ್ಲಿ, ಮದುವೆಗೆ ನಿಂತ ಗಂಡೊಬ್ಬನೇ ಇರುವ ಮನೆಯಲ್ಲಿ ಬಾಣಂತಿ. ಅವಳು ಯಾರ ಬಾಣಂತಿ ಎಂದು ಬೆಟ್ಟಮ್ಮ ಕೇಳಬೇಕಾಗಿಯೇ ಇರಲಿಲ್ಲ. ಬಾಗಿಲ ಬಳಿ ನಿಂತಿದ್ದ ಶಾಂತರಾಜುವನ್ನು ಅವಳು ನೋಡಿದ ನೋಟದಲ್ಲೇ ಪ್ರಶ್ನೆಯೂ ಇತ್ತು, ತೀರ್ಮಾನವೂ ಇತ್ತು.

"ನಡೀಲಾ ರಂಗ, ಓಗಾನ," ಎಂದು ಮುದುಕಿ ಮೊಣಕಾಲಿಗೆ ಕೈಯೂರಿದಳು. "ಯೋಳೋದ್ನ ಮೊದ್ಲೇ ಯೋಳ್ಬೇಕಾಗಿತ್ತು ಕಣವ್ವ. ನಮ್ದೂ ಎಣ್ಣು ಎತ್ತ ಮನೆ."

"ಅವ್ವಾ, ಅಲ್ಲಿ ಯಾರೂ ಇಲ್ಲ," ಎಂದಳು ಪುಟ್ಟಲಕ್ಷ್ಮಿ.

"ಯಾರೂ ಇಲ್ಲ ಅಜ್ಜಿ, ಅದು ಡೆಕೋರೇಶನ್ನು ಅಷ್ಟೇ," ಎಂದು ಮೇಘಶ್ರೀ ಓಡಿ ಬಂದು ಸೀರೆಗೆ ಅಡ್ಡ ನಿಂತಳು.

"ಯಾರೂ ಇಲ್ದಿದ್ರೆ ನೀ ಯಾಕವ್ವ ಕೈ ಅಗಲುಸ್ಕಂಡು ನಿಂತೆ?"

ಮೇಘಶ್ರೀ ನೋಡಿದ್ದ ವಿಡಿಯೋದಲ್ಲಿ ಬೆಟ್ಟಮ್ಮನಂಥವರು ಬಂದಿರಲಿಲ್ಲ. ಪುಟ್ಟಲಕ್ಷ್ಮಿ ನಾದಿನಿಯನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. ಗೋಡೌನ್ ಎಂದವರ ಮಾತು ನೆನಪಾಗದೆ ಇರಲಿಲ್ಲ. ಇವರೂ ಹಾಗೇ ಅಂದುಕೊಂಡು ಹೋಗಲಿ, ಮಗನ ಮೇಲೆ ಇಂಥ ಮಾತು ಹೊತ್ತು ಹರದನಹಳ್ಳಿಯ ಬಸ್ಸು ಹತ್ತುವುದು ಬೇಡ ಎಂದುಕೊಂಡು ಸೀರೆ ಹಿಡಿದು ಎಳೆದಳು.

ಅಂಟು ಅವಮಾನವಾದವರಂತೆ ಎಲ್ಲ ಕಡೆ ಒಟ್ಟಿಗೇ ಬಿಟ್ಟುಕೊಂಡಿತು. ತಂತಿ ಜಾರಿತು, ಪಿನ್ನುಗಳು ನೆಲದ ಮೇಲೆ ಉದುರಿದವು. ಗಾಬರಿಗೊಂಡ ಕೋಳಿ ರೆಕ್ಕೆ ಬಡಿದು ಭಾವಮೈದುನನ ತೊಡೆಯ ಮೇಲೆ ಹಾರಿ, ಅಲ್ಲಿಂದ ಕೋಡುಬಳೆ ತಟ್ಟೆ ತುಳಿದು ಹೊರಗೋಡಿತು. ಹಿಂದೆ ರಾಗಿ, ಬೂಸ, ಕಾಯಿ, ಕ್ಯಾನು, ಮೊಟ್ಟೆ ತುಂಬಿದ ಮಂಕರಿ ಬೆತ್ತಲೆ ನಿಂತಿದ್ದವು.

ಬೆಟ್ಟಮ್ಮ ಎದ್ದು ಹೋಗಿ ಮೂಟೆಯೊಂದರ ಬಾಯಿ ಬಿಚ್ಚಿ, ಹಿಡಿ ರಾಗಿ ತೆಗೆದು ಅಂಗೈಯಲ್ಲಿ ಉಜ್ಜಿ ಊದಿದಳು. ಒಂದು ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಮೊಳೆಯಿಂದ ಒಂದು ಕವರು ಇಳಿಸಿ, ರವಿಕೆ ತೆಗೆದು, ಒಳಮಗ್ಗುಲು ತಿರುವಿ ಹೊಲಿಗೆಯನ್ನು ಉಗುರಿನಿಂದ ಗೀರಿ ನೋಡಿದಳು.

"ನೀನು ಒಲ್ದಿದ್ದಾ?"

"ಊಂ ಕಣವ್ವ."

ಮುದುಕಿ ಕಾಲಡಿ ಬಿದ್ದಿದ್ದ ಸೀರೆಯನ್ನು ಹೆಬ್ಬೆರಳಿನಿಂದ ಸರಿಸಿದಳು. "ಇದೂ?"

"ಅಯ್ಯೋ, ಇಲ್ಲ," ಎಂದಳು ಪುಟ್ಟಲಕ್ಷ್ಮಿ. ಮಗನ ಮೇಲೆ ಬಂದ ಅಪವಾದಕ್ಕಿಂತ ಇದಕ್ಕೆ ಅವಳ ಮುಖ ಹೆಚ್ಚು ಕೆಂಪಾಯಿತು.

"ಮತ್ತೆ. ಇಷ್ಟು ರಾಗಿ ಮಡಿಕ್ಕಂಡು ಮುಚ್ಚಿಕ್ಕೋರ್ನ ಇವತ್ತೇ ನೋಡಿದ್ದು. ಇಲ್ದೇ ಇರೋರು ಮುಚ್ಚುಕೋತಾರೆ ಕಣವ್ವ." ಬೆಟ್ಟಮ್ಮ ವಾಪಸು ಬಂದು ಕೂತು ಲೋಟ ಹತ್ತಿರ ಎಳೆದುಕೊಂಡಳು. "ಕಾಪಿ ತಣ್ಣಗಾಗದೆ, ಬಿಸಿ ಮಾಡ್ಕಬಾ."

ಹೊರಡುವಾಗ ಒಪ್ಪಿದೆವೆಂದಾಗಲಿ ಇಲ್ಲವೆಂದಾಗಲಿ ಅವರು ಹೇಳಲಿಲ್ಲ. ಕುಂಕುಮ ಇಟ್ಟುಕೊಂಡು ಮೆಟ್ಟಿಲಿಳಿಯುತ್ತ ಬೆಟ್ಟಮ್ಮ, "ಉಡ್ಗಿ ಅಳತೆ ರವಿಕೆ ಕಳುಸ್ತೀನಿ. ಧಾರೆ ಸೀರೆಗೆ ನೀನೇ ಒಲಿ, ಪ್ಯಾಟೆಗೆ ಕೊಡಬ್ಯಾಡ," ಎಂದಳು. ಶಾಂತರಾಜು ಅದನ್ನು ಕೇಳಿಸಿಕೊಂಡು, ಕೇಳಿಸದವನಂತೆ ಕೊಟ್ಟಿಗೆಯ ಕಡೆ ಹೋದ.

ಸಂಜೆಯ ಹೊತ್ತಿಗೆ ಮೇಘಶ್ರೀಯ ವಿಡಿಯೋ ಊರೆಲ್ಲ ಸುತ್ತಿತ್ತು. ಪರದೆ ಕಟ್ಟಿದ ಮಾರನೆಯ ದಿನವೇ ಅಣ್ಣನ ಮನೆಗೆ ಸಂಬಂಧ ಕೂಡಿಬಂತೆಂದು ಕೆಳಗೆ ಬರೆದಿದ್ದಳು. ಪರದೆ ಬಿದ್ದ ಭಾಗ ಅದರಲ್ಲಿರಲಿಲ್ಲ. ನಾಲ್ಕು ಜನ ಅಂಟು ಎಲ್ಲಿ ಸಿಗುತ್ತದೆಂದು ಕೇಳಿದ್ದರು.

ಮೂರನೆಯ ದಿನ ಹರದನಹಳ್ಳಿಯಿಂದ ರವಿಕೆ ಬಂತು. ಪುಟ್ಟಲಕ್ಷ್ಮಿ ಆಗ ಸೀರೆಗೆ ಮೆತ್ತಿ ಗಟ್ಟಿಯಾದ ಅಂಟನ್ನು ಉಗುರಿನಿಂದ ಕೀಳುತ್ತ ಕೂತಿದ್ದಳು. ಅದು ಸೀರೆಯ ಜರಿಯನ್ನೂ ಕಿತ್ತುಕೊಂಡೇ ಬರುತ್ತಿತ್ತು. ಪರದೆಯನ್ನು ಒಂದು ದಿನವೂ ಹಿಡಿಯದ ಅಂಟು ಸೀರೆಯನ್ನು ಮಾತ್ರ ಬಿಡಲೊಲ್ಲದು. ಅವಳು ಅದನ್ನು ಪಕ್ಕಕ್ಕೆಸೆದು ರವಿಕೆಯ ಒಳಮಗ್ಗುಲು ತಿರುವಿದಳು. ಕಂಕುಳ ಹತ್ತಿರ ಬಿಟ್ಟುಹೋಗಿದ್ದ ಕಡೆ ರೂಪಶ್ರೀ ಕೈಯಲ್ಲೇ ಹೊಲಿದುಕೊಂಡಿದ್ದಳು. ಹೊಲಿಗೆ ಸೊಟ್ಟ, ಒಂದೊಂದು ಎಳೆಯೂ ಒಂದೊಂದು ಉದ್ದ, ನೂಲಿನ ಬಣ್ಣವೂ ಬೇರೆ. ಪುಟ್ಟಲಕ್ಷ್ಮಿ ಎರಡೂ ಕಡೆ ಹಿಡಿದು ಜೋರಾಗಿ ಜಗ್ಗಿದಳು.

ಬಿಡಲಿಲ್ಲ.

"ಕೈ ಸೊಟ್ಟ," ಎಂದು ಗೊಣಗಿ, ಮೆಷಿನ್ನಿನ ಕಡೆ ಸರಿದು, ಅಳತೆ ಪಟ್ಟಿ ತೆಗೆದಳು.