ಹೊಲಿದ ಜೇಬು

ಕ್ಲೆಮ್ ಟ್ರೆಜೈಸ್ ನಡೆಯುವಾಗ ಅವನ ಬಲಗೈ ಯಾವಾಗಲೂ ಖಾಕಿ ಮೇಲಂಗಿಯ ಜೇಬಿನಲ್ಲೇ ಇರುತ್ತಿತ್ತು. ಆ ಜೇಬಿಗೆ ಹೊಲಿಗೆ ಬಿದ್ದ ಮೇಲೆ ಆ ಕೈ ಒಡೆಯನಿಲ್ಲದ ನಾಯಿಯಂತೆ ತೊಡೆಯ ಪಕ್ಕದಲ್ಲಿ ಅಲೆಯುವುದನ್ನು, ಅಡಿಲೇಡಿನಾಚೆಯ ಆ ಪ್ರಯೋಗಶಾಲೆಯಲ್ಲಿ ಗಾಜು ತೊಳೆಯುತ್ತಿದ್ದ ನಾವೆಲ್ಲ ನೋಡಿದ್ದೇವೆ.

ಕುರಿಮರಿಗಳ ಆರೈಕೆ ಅವನ ಕೆಲಸ. ಕೊಟ್ಟಿಗೆ ಹೊಗುವ ಮುನ್ನ ಟೋಪಿ ತೆಗೆಯುತ್ತಿದ್ದ. ಯಾಕೆಂದು ಕೇಳಿದರೆ, "ಅದು ಅವರ ಮನೆ ಅಲ್ವೇನ್ರೀ?" ಎನ್ನುತ್ತಿದ್ದ.

ಅಲ್ಲಿಯ ಸಂಶೋಧಕಿ ಡಾಕ್ಟರ್ ರೋವೀನಾ ಎರಡು ವರ್ಷದಿಂದ ಒಂದೇ ಪ್ರಶ್ನೆಯ ಬೆನ್ನುಹತ್ತಿದ್ದರು: ಮೇವಿನಲ್ಲಿ ಇ ಜೀವಸತ್ವ ಇಲ್ಲದಿದ್ದರೆ ಮರಿಗಳ ಸ್ನಾಯುವಿನಲ್ಲಿ ಗಂಧಕದ ಪ್ರಮಾಣ ಹೇಗೆ ಏರುಪೇರಾಗುತ್ತದೆ? ಉಣ್ಣೆ ಸುಟ್ಟ ವಾಸನೆ ಬಲ್ಲ ಆ ಸೀಮೆಗೆ, ಕುರಿಯ ಮೈಯಲ್ಲಿ ಗಂಧಕವಿದೆಯೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಕೊಟ್ಟಿಗೆಗೆ ಜೀವಸತ್ವದ ಹನಿ. ಇನ್ನೊಂದಕ್ಕೆ ಅದಿಲ್ಲದ ಒಣಮೇವು, ಒಂದು ಹಸಿರೆಲೆಯೂ ಕೂಡದು. ಆ ಮರಿಗಳ ಕಾಲು ಮರಗಟ್ಟಿ, ಬೆನ್ನು ಗೂನಾಗುತ್ತಿತ್ತು. ಕಡೆಗೆ ಕೊಂದು, ಸ್ನಾಯು ತೆಗೆದು ಅಳೆಯುವುದು. ಕೊಲ್ಲುವಾಗ ಹಿಡಿದುಕೊಳ್ಳುವವನೂ ಕ್ಲೆಮ್ಮೇ.

ಒಣಮೇವಿನ ಕೊಟ್ಟಿಗೆಯ ಏಳನೆಯ ಮರಿಯ ಗಂಧಕ ಮಾತ್ರ ಗಟ್ಟಿಮುಟ್ಟು ಮರಿಗಳದ್ದರಂತೆಯೇ ಬಂತು. ಡಾಕ್ಟರು ಮೂರು ವಾರ ಅಳೆದದ್ದನ್ನೇ ಅಳೆದರು. ಒಂದು ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ಡಾಕ್ಟರು ಮೆಲ್ಲಗೆ, "ನನ್ನ ಅಳತೆಯ ಕ್ರಮವೇ ತಪ್ಪು ಕಣ್ರಿ. ಎರಡು ವರ್ಷದ್ದೂ ಎಸೀಬೇಕು" ಎಂದರು. ಕ್ಲೆಮ್ ಬಿಸ್ಕತ್ತನ್ನು ಅರ್ಧಕ್ಕೇ ಕೆಳಗಿಟ್ಟ.

"ಏನ್ ಕ್ಲೆಮ್, ಬಿಸ್ಕತ್ತು ಗಂಟಲಲ್ಲಿ ಸಿಕ್ಕೊಂತಾ?" ನಮ್ಮ ಜೊತೆ ಗಾಜು ತೊಳೆಯುವ ಥೆಲ್ಮಾ ಚುಡಾಯಿಸಿದಳು.

ಅವನು ನಗಲಿಲ್ಲ. ಎದ್ದು, ಜೇಬನ್ನು ಒಳಹೊರಗು ಮಾಡಿ ಮೇಜಿನ ಮೇಲೆ ಕೊಡವಿದ. ಕುದುರೆಮಸಾಲೆಯೆಂಬ ಮೇವಿನ ಸೊಪ್ಪಿನ ಹಸಿರು ಪುಡಿ.

"ಏಳನೇದು ನಿಲ್ಲಕ್ಕಾಗ್ದೆ ನನ್ ಮುಖಾನೇ ನೋಡ್ತಿತ್ತು, ಡಾಕ್ಟ್ರೇ. ತಪ್ಪು ನಿಮ್ ಕೈಯ್ದಲ್ಲ. ನನ್ ಕೈಯ್ದು."

ಅವರು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಪೆನ್ಸಿಲು ತೆಗೆದು, "ದಿನಕ್ಕೆ ಎಷ್ಟು ಹಿಡಿ, ಕ್ಲೆಮ್?" ಎಂದಷ್ಟೇ ಕೇಳಿ ಬರೆದುಕೊಂಡರು. ಆಮೇಲೆ, "ಅದರ ಬದಲಿಗೆ ಇನ್ನೊಂದು ಮರಿ ಬೇಕಾಗತ್ತೆ" ಎಂದರು.

ಆ ಮರಿಯನ್ನು ಆರಿಸಿದವನು ಅವನೇ. ಜೇಬು ಹೊಲಿದುಕೊಂಡು, ಟೋಪಿ ತೆಗೆಯದೆ ಒಳಹೊಕ್ಕು, ಹನ್ನೊಂದು ವಾರ ಒಣಮೇವೇ ಹಾಕಿ, ಕೊನೆಗೆ ಹಿಡಿದುಕೊಂಡ. ಅದರ ಗಂಧಕ ಉಳಿದವುಗಳ ಸಾಲಿಗೆ ಸರಿಯಾಗಿ ಕೂತಿತು. ಡಾಕ್ಟರ ಎರಡು ವರ್ಷ ಉಳಿಯಿತು.

ಕದ್ದವನಿಗಾದರೂ ಒಂದು ದಾರಿಯಿದೆ, ತಂದು ಕೊಡಬಹುದು. ಕರುಣೆಯಿಂದ ತಪ್ಪಿದವರಿಗೆ ಅದೂ ಇಲ್ಲ. ಕೊಟ್ಟ ಹಿಡಿ ಸೊಪ್ಪಿಗಾಗಿ ಪಶ್ಚಾತ್ತಾಪಪಡಲೂ ಆಗದೆ, ಪಡದಿರಲೂ ಆಗದೆ, ಅಂಥವರು ತಮ್ಮ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆಯೇ ಜೀವಮಾನವಿಡೀ ನಡೆಯುತ್ತಾರೆ.