ಬೂಷ್ಟು ಹಿಡಿದ ಬೀಜ

ನಮ್ಮನೇಲಿ ಯಾರಿಗಾದರೂ ಕಣ್ಣು ಹಳದಿಯಾದರೆ ಡಾಕ್ಟರಿಗಿಂತ ಮುಂಚೆ ಅಣ್ಣನೇ ತೀರ್ಪು ಕೊಟ್ಟುಬಿಡ್ತಾನೆ. ಲಿವರ್ ಕ್ಯಾನ್ಸರಲ್ಲಿ ಅಪ್ಪ ಹೋದರು, ಚಿಕ್ಕಪ್ಪ ಹೋದರು, ಈಗ ನನ್ನ ಲಿವರಲ್ಲೂ ಗಡ್ಡೆ. ರಕ್ತದಲ್ಲೇ ಬಂದದ್ದಕ್ಕೆ ಯಾರೇನು ಮಾಡೋಕಾಗುತ್ತೆ, ಸುಮ್ಮನೆ ಮನೇಲಿ ನೆಮ್ಮದಿಯಾಗಿರು ಅಂದ. ಮೈಯೆಲ್ಲ ಉರಿದುಹೋಯ್ತು ನನಗೆ. ಸಾಯೋರಿಗೆ ಎಂಥಾ ನೆಮ್ಮದಿ?

ಅತ್ತಿಗೆಯನ್ನ ಹೊರಡಿಸಿಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ನೋಡಿ, ಏನೇನು ತಿಂತೀರಿ ಅಂತ ಕೇಳಿದರು. ನಮ್ಮದು ಕಡಲೆಬೀಜದ ಎಣ್ಣೆ ಮಿಲ್ಲು. ಒಳ್ಳೆ ಬೀಜ ಮಿಲ್ಲಿಗೆ, ಬೂಷ್ಟು ಹಿಡಿದದ್ದನ್ನ ಆರಿಸಿ ಮನೆಗೆ. ಅಪ್ಪನ ಕಾಲದಿಂದಲೂ ಅದೇ ಪದ್ಧತಿ. ಗಿರಾಕಿಗೆ ಮೋಸ ಮಾಡದ ಮನೆ ನಮ್ಮದು, ತೊಳೆದು ಹುರಿದು ನಾವೇ ತಿಂತೀವಿ ಅಂತ ಜಂಬದಿಂದಲೇ ಹೇಳಿದೆ. ಡಾಕ್ಟರಮ್ಮ ತಲೆ ಮೇಲೆ ಕೈಯಿಟ್ಟುಕೊಂಡರು.

ಆ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗಲ್ಲವಂತೆ, ವರ್ಷಗಟ್ಟಲೆ ತಿಂದರೆ ಲಿವರಿಗೇ ಕುತ್ತಂತೆ. ಹುಟ್ಟುವಾಗ ಬಂದ ದೋಷ ನನ್ನಲ್ಲಿ ಯಾವುದೂ ಸಿಕ್ಕಿರಲಿಲ್ಲ. ಗಡ್ಡೆ ಬೆಳೆಯದಂತೆ ಕಾಯಬೇಕಾದ ಒಂದು ಜೀನ್ ಹಾಳೂ ಆಗಿರಲಿಲ್ಲ. ಆ ವಿಷದ ದೆಸೆಯಿಂದಲೇ ಇರಬೇಕು, ಅದರ ಮೇಲೆ ಎಂಥದೋ ರಾಸಾಯನಿಕ ಅಂಟಿಕೊಂಡು ಅದರ ಬಾಯಿ ಮುಚ್ಚಿಸಿತ್ತು, ಅಷ್ಟೆ.

"ಬಾಯಿ ಬಿಡಿಸೋಕಾಗುತ್ತಾ?" ಅಂದೆ.

ಅದಕ್ಕೊಂದು ಔಷಧಿ ಇನ್ನೂ ಪ್ರಯೋಗದಲ್ಲಿದೆ, ಮಾಮೂಲಿ ಚಿಕಿತ್ಸೆಯ ಜೊತೆ ಕೊಟ್ಟು ನೋಡ್ತಿದ್ದೀವಿ, ಸುಸ್ತು ವಾಂತಿ ಎಲ್ಲ ಇರುತ್ತೆ, ಗೆದ್ದೇ ಗೆಲ್ತೀರಿ ಅಂತ ಸುಳ್ಳು ಹೇಳಲ್ಲ ಅಂದರು. ಸೋತೇ ಸೋಲ್ತೀನಿ ಅಂತಲೂ ಹೇಳಲಿಲ್ಲವಲ್ಲ. ನನಗೆ ಅಷ್ಟು ಸಾಕಿತ್ತು.

ಮನೇಲಿ ಅಣ್ಣ ಕುಣಿದಾಡಿಬಿಟ್ಟ. ನಿನ್ನ ಮೇಲೆ ಪ್ರಯೋಗ ಮಾಡ್ತಾರೆ, ತಲೆ ಕೆಟ್ಟಿದೆಯಾ ಅಂತ.

"ಇಷ್ಟು ವರ್ಷ ಪ್ರಯೋಗ ಮಾಡಿಕೊಂಡಿದ್ದು ನಾವೇ ಕಣಣ್ಣ, ನಮ್ಮ ತಟ್ಟೇಲೇ" ಅಂದೆ. ಅತ್ತಿಗೆ ಅಡುಗೆಮನೆಯ ಕಡಲೆಬೀಜದ ಡಬ್ಬ ಎತ್ತಿಕೊಂಡು ಹೋಗಿ ಹಿತ್ತಲ ಗುಂಡಿಗೆ ಸುರಿದು ಮಣ್ಣು ಮುಚ್ಚಿದಳು. ನೀನೂ ಒಂದು ಸ್ಕ್ಯಾನ್ ಮಾಡಿಸು ಅಂತ ನಾನಂದದ್ದಕ್ಕೆ ಅಣ್ಣ ಬಾಗಿಲು ಬಡಿದು ಹೊರಗೆ ಹೋದ.

ಮೊದಲ ಇಂಜೆಕ್ಷನ್ನಿನ ದಿನ ಕರೆಯದೇ ಬಂದ. ವಾರ್ಡಿನ ಬಾಗಿಲಲ್ಲೇ ನಿಂತಿದ್ದ. ಮುಖ ಬಿಳುಚಿಕೊಂಡಿತ್ತು. ಜಗಳಕ್ಕೇ ಬಂದ ಅಂದುಕೊಂಡು, ಹೊತ್ತುಕೊಂಡು ಹೋದರೂ ನಾನು ಏಳಲ್ಲ ಅಂದೆ. ಹತ್ತಿರ ಬಂದು ಮಂಚದ ಅಂಚಿಗೆ ಕೂತ. ಬಲಪಕ್ಕೆಯಲ್ಲಿ ತಿಂಗಳುಗಳಿಂದ ನೋವಂತೆ. ಹೆಂಡತಿಗೂ ಹೇಳಿಲ್ಲವಂತೆ.

"ರಕ್ತದಲ್ಲೇ ಇದೆ ಅಂತ ಸುಮ್ಮನಿದ್ದೆ. ಸಾಯೋಕೆ ಇಷ್ಟ ಇಲ್ಲ ಕಣೇ" ಅಂದ.

ಕೈಗೆ ಸೂಜಿ ಚುಚ್ಚಿದ್ದರು, ಅಲ್ಲಾಡಬೇಡಿ ಅಂದಿದ್ದರು. ಇನ್ನೊಂದು ಕೈಯಲ್ಲಿ ಅವನ ಬೆನ್ನಿಗೊಂದು ಬಲವಾಗಿ ಗುದ್ದಿದೆ. ಅಳು ಬಂತು, ಸಿಟ್ಟೂ ಬಂತು.

"ಹಾಗಾದರೆ ಇಲ್ಲಿ ಕೂತು ಏನು ಮಾಡ್ತಿದ್ದೀಯ? ಹೋಗಿ ಸ್ಕ್ಯಾನಿಗೆ ಮಲಗು."