ಹೊಸ ಕಿವಿ

ಗಾಜಿನ ಆಚೆ ಅಪ್ಪ ಮತ್ತೊಮ್ಮೆ ಬೆರಳೆತ್ತಿದರು.

ಕೋಣೆಯೊಳಗೊಂದು ಕೋಣೆ ಅದು. ಒಬ್ಬರು ಕೂರುವಷ್ಟೇ ಜಾಗ, ದಪ್ಪ ಬಾಗಿಲು, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಅಪ್ಪ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಈಚೆ ಕಡೆ ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್ ಹೆಂಗಸು ಗುಂಡಿ ಒತ್ತುತ್ತಿದ್ದಳು. ಒಳಗೆ ಒಂದು ಸಣ್ಣ ಸದ್ದು ಹುಟ್ಟುತ್ತಿರಬೇಕು. ಅಪ್ಪನ ಬೆರಳು ಏಳುತ್ತಿತ್ತು. ಅವಳು ಸದ್ದನ್ನು ಇನ್ನೂ ಸಣ್ಣದು ಮಾಡುವಳು. ಮತ್ತೆ ಬೆರಳು.

ಬೆರಳು ಎದ್ದಾಗಲೆಲ್ಲ ಅವಳ ಪಕ್ಕದಲ್ಲಿ ಕೂತಿದ್ದ ಮಗನ ಎದೆ ಧಸಕ್ಕೆನ್ನುತ್ತಿತ್ತು. ಏಳದಿದ್ದರೆ ಚೆನ್ನಾಗಿತ್ತು ಎಂದು ತಾನು ಬಯಸುತ್ತಿರುವುದು ಗೊತ್ತಾಗಿ, ನಾಚಿಕೆಯಾಗಿ, ಗೋಡೆಯ ಮೇಲೆ ತೂಗುಹಾಕಿದ್ದ ಕಿವಿಯ ಪಟ ನೋಡತೊಡಗಿದ. ಕೆಂಪು, ನೀಲಿ, ಹಳದಿ. ಒಳಗೆ ಬಸವನಹುಳುವಿನಂಥದ್ದೇನೋ ಸುರುಳಿ ಸುತ್ತಿಕೊಂಡಿತ್ತು.

"ವಯಸ್ಸೆಷ್ಟು ಅಂದ್ರಿ ನಿಮ್ಮ ತಂದೆಗೆ?"

"ಎಪ್ಪತ್ತೊಂದು."

"ನನ್ನ ಕಿವಿನೂ ಇಷ್ಟು ಚೆನ್ನಾಗಿದೆಯೋ ಇಲ್ವೋ. ಏನು ಕೆಲಸದಲ್ಲಿದ್ರು?"

"ಟೆಲಿಫೋನ್ ಎಕ್ಸ್‌ಚೇಂಜಲ್ಲಿ. ಆಪರೇಟರ್."

"ಹಾಗೆ ಹೇಳಿ." ಅವಳು ಕಾಗದದ ಮೇಲೆ ಒಂದು ಗೆರೆ ಎಳೆದಳು. ಗೆರೆ ಹೆಚ್ಚು ಇಳಿಯಲೇ ಇಲ್ಲ. "ಮತ್ತೆ ಕಿವಿ ಮಂದ ಅಂತ ಇವರಿಗೆ ಹೇಳಿದ್ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನ ಕೈ ಸುಮ್ಮನೆ ಕಾಲರಿನ ಕಡೆ ಹೋಯಿತು.

"ಅವರಿಗೇ ಹಾಗನ್ನಿಸಿದೆ," ಎಂದ.

ಹೇಳಿದ್ದು ಅವನೇ.

ಸಿನಿಮಾಗಳಿಗೆ ಶಬ್ದ ಬೆರೆಸುವುದು ಅವನ ಕೆಲಸ. ಮಾತು, ಸಂಗೀತ, ಗಾಳಿ, ಒಡೆಯುವ ಗಾಜು, ಸಿಡಿಯುವ ಗುಂಡು, ಎಲ್ಲ ಬೇರೆ ಬೇರೆಯಾಗಿ ಅವನ ಮೇಜಿಗೆ ಬರುತ್ತವೆ. ಅವನ್ನು ಹದವಾಗಿ ಒಂದು ಮಾಡಿ ಕೊಡಬೇಕು. ಅಡಿಗೆಯವನಿಗೆ ಉಪ್ಪು ಗೊತ್ತಾಗದೆ ಹೋಗುವ ಹೊತ್ತು ಬರುತ್ತದಲ್ಲ, ಹಾಗೆ ಈ ಕೆಲಸದಲ್ಲೂ ಒಂದು ಹೊತ್ತು ಬರುತ್ತದೆ. ಒಂದೇ ದೃಶ್ಯವನ್ನು ಇನ್ನೂರು ಸಲ ಕೇಳಿದವನಿಗೆ ಪ್ರತಿ ಮಾತೂ ಬಾಯಿಪಾಠ. ಆಮೇಲೆ ಮಾತನ್ನು ಎಷ್ಟು ಕೆಳಗೆ ತಳ್ಳಿದರೂ ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತಲೇ ಇರುತ್ತದೆ. ಅದಕ್ಕೇ ಅವನ ಸ್ಟುಡಿಯೋದಲ್ಲಿ ಒಂದು ರೂಢಿ. ಕೊನೆಯ ದಿನ, ಕತೆಯ ಗಂಧವೂ ಇಲ್ಲದ ಒಬ್ಬರನ್ನು ಕರೆದು ಕೂರಿಸುವುದು. ಮಾತು ತಪ್ಪಿದ ಕಡೆ ಅವರು ಬೆರಳೆತ್ತಬೇಕು. ಅವರಿಗೆ ಹೊಸ ಕಿವಿ ಎಂದು ಹೆಸರು.

ಹನ್ನೆರಡು ವರ್ಷದಿಂದ ಹೊಸ ಕಿವಿ ಎಂದರೆ ಅಪ್ಪನೇ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹತ್ತು ನಿಮಿಷ ಮುಂಚೆಯೇ ಬಂದು ಮೂರನೇ ಸಾಲಿನಲ್ಲಿ ಕೂರುತ್ತಿದ್ದರು. ಮೂವತ್ತು ವರ್ಷ ಕೆಟ್ಟ ತಂತಿಗಳಲ್ಲಿ ಊರೂರಿನವರ ಮಾತು ಹಿಡಿದ ಕಿವಿ ಅವು. ಅವರು ಬೆರಳೆತ್ತಿದರೆ ಅವನು ಪ್ರಶ್ನೆ ಕೇಳದೆ ಮಾತನ್ನು ಮೇಲಕ್ಕೆ ತರುತ್ತಿದ್ದ.

ಈ ಸಲದ ನಿರ್ದೇಶಕ ದೊಡ್ಡವನು. ಸೀಟು ನಡುಗಬೇಕು ಎಂಬುದೊಂದೇ ಅವನ ಬೇಡಿಕೆ. ಚಿತ್ರದ ಕೊನೆಗೆ, ಬಿರುಗಾಳಿಯಲ್ಲಿ, ಸಾಯುತ್ತಿರುವ ತಂದೆಯೊಬ್ಬ ಮಗನಿಗೆ ನಾಲ್ಕು ನಿಮಿಷ ಏನನ್ನೋ ಹೇಳುತ್ತಾನೆ. ಅದರ ಮೇಲೆ ಗಾಳಿ, ಗಾಳಿಯ ಮೇಲೆ ಅರವತ್ತು ಪಿಟೀಲು. ಆವತ್ತು ಆ ನಾಲ್ಕು ನಿಮಿಷವೂ ಅಪ್ಪನ ಬೆರಳು ಎತ್ತಿದ್ದು ಇಳಿಯಲಿಲ್ಲ.

"ಯಾರ್ರೀ ಅದು?" ಎಂದು ನಿರ್ದೇಶಕ ತಿರುಗಿದ.

ಅವನು ನಿರ್ದೇಶಕನ ಕಡೆ ಬಾಗಿ, ಬಹಳ ಮೆಲ್ಲಗೆ ಹೇಳಿದ: "ನಮ್ಮ ತಂದೆ ಸರ್. ಇತ್ತೀಚೆಗೆ ಅವರಿಗೆ ಕಿವಿ ಸ್ವಲ್ಪ ಮಂದ."

ಮೂರನೇ ಸಾಲು ಅಲ್ಲಿಂದ ಹದಿನೈದು ಅಡಿ ದೂರ. ಅಪ್ಪ ಬೆರಳು ಇಳಿಸಿದರು. ಮಂದವಾಗಿದ್ದ ಕಿವಿಗೆ ಆ ಮಾತು ಹೇಗೆ ಕೇಳಿಸಿತು ಎಂದು ಅಪ್ಪನೂ ಯೋಚಿಸಲಿಲ್ಲ, ಅವನೂ ಆ ವಿಷಯ ಎತ್ತಲಿಲ್ಲ.

"ಒಂದು ವಾರಕ್ಕೆ ಟ್ರಯಲ್‌ಗೆ ಅಂತ ಕಿವಿ ಮೆಷಿನ್ ಕೊಡ್ತೀರಂತಲ್ಲ," ಎಂದು ಈಗ ಅವನು ಆಡಿಯಾಲಜಿಸ್ಟನ್ನು ಕೇಳಿದ.

"ಯಾರಿಗೆ?"

"ಅವರಿಗೆ. ಇಲ್ಲದಿದ್ರೆ ಸಮಾಧಾನ ಆಗಲ್ಲ."

"ಬೇಡದವರಿಗೆ ಕೊಟ್ರೆ ಬರೀ ಗಲಾಟೆ ಕೇಳಿಸುತ್ತೆ ಸರ್."

"ತೀರಾ ಕಮ್ಮಿಗೆ ಇಟ್ಟು ಕೊಡಿ."

ಅವಳು ಗೆರೆ ಎಳೆದ ಕಾಗದವನ್ನು ಪಕ್ಕಕ್ಕಿಟ್ಟಳು. "ನೀವೂ ಒಂದ್ಸಲ ಒಳಗೆ ಕೂತ್ಕೊಳ್ತೀರಾ? ಐದು ನಿಮಿಷ."

"ಬೇಡ. ಇನ್ನೊಂದು ಸಲ."

ಅವಳು ಯಂತ್ರ ತರಲು ಎದ್ದು ಹೋದಳು. ಅಪ್ಪ ದಪ್ಪ ಬಾಗಿಲು ತಳ್ಳಿಕೊಂಡು ಹೊರಗೆ ಬಂದು, ಬಿಚ್ಚಿಟ್ಟ ಕನ್ನಡಕ ಹುಡುಕಿ ಹಾಕಿಕೊಂಡರು. ಕೇಳಿದ್ದು ಮಗನನ್ನೇ.

"ಏನಂತೆ?"

ನಿಜ ಹೇಳಿಬಿಡಬೇಕೆಂದು ಅವನು ಬೆಳಿಗ್ಗೆಯಿಂದ ಅಂದುಕೊಂಡಿದ್ದ. ಸ್ನಾನ ಮಾಡುವಾಗ ಮಾತು ಜೋಡಿಸಿಕೊಂಡಿದ್ದ. ಅಪ್ಪ, ನಿಮ್ಮ ಕಿವಿ ಸರಿಯಾಗಿದೆ, ಕೆಟ್ಟಿದ್ದು ನನ್ನ ಕೆಲಸ. ಏಳೆಂಟು ಪದ.

"ಸ್ವಲ್ಪ ಕಮ್ಮಿ ಆಗಿದೆಯಂತೆ," ಎಂದ.

ಅಪ್ಪನ ಮುಖದಲ್ಲಿ ಕಂಡದ್ದು ದುಃಖವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವರು ನಿರಾಳವಾದರು.

"ನಾನು ಹೇಳ್ಲಿಲ್ವೇನೋ. ಪೇಪರಿನವರು ಬಾಯಿಗೆ ಬಂದ ಹಾಗೆ ಬರೀತಾರೆ, ಮಾತೇ ಕೇಳಲ್ಲ ಅಂತ. ಅವರಿಗೂ ನನ್ನ ಹಾಗೇ ಆಗಿರುತ್ತೆ. ನೀನು ಮಾಡಿದ್ರಲ್ಲಿ ತಪ್ಪಿರಲ್ಲ."

ಸಿನಿಮಾ ಬಂದು ಮೂರು ವಾರವಾಗಿತ್ತು. ಮಾತು ಕೇಳಿಸುವುದಿಲ್ಲ ಎಂದು ಜನ ಬೈದರು. ಮಾತು ಕೇಳಬೇಕಾಗಿಲ್ಲ, ಅನುಭವಿಸಬೇಕು ಎಂದು ನಿರ್ದೇಶಕ ಹೇಳಿದ. ಥಿಯೇಟರಿನ ಸ್ಪೀಕರ್ ಸರಿಯಿಲ್ಲ ಎಂದು ಶಬ್ದ ಬೆರೆಸಿದ ಅವನು ಹೇಳಿದ. ನಮಗೆ ಬಂದದ್ದನ್ನು ನಾವು ಹಾಕುತ್ತೇವೆ ಎಂದು ಥಿಯೇಟರಿನವರು. ಎಲ್ಲರಿಗೂ ಜಾಣ ಕಿವುಡು. ತಪ್ಪು ತನ್ನದು ಎಂದು ಒಪ್ಪಿಕೊಂಡ ಮನುಷ್ಯ ಇಡೀ ಊರಿನಲ್ಲಿ ಒಬ್ಬರೇ, ಅಪ್ಪ.

ಆಡಿಯಾಲಜಿಸ್ಟ್ ಬಂದು ಕಡಲೆಕಾಳಿನಷ್ಟಿದ್ದ ಯಂತ್ರವನ್ನು ಅಪ್ಪನ ಬಲಗಿವಿಗೆ ಕೂರಿಸಿದಳು. "ನೋಡಿ, ನಿಮಗೆ ಇದು ಅಂಥಾ ಏನೂ..." ಎಂದು ಶುರು ಮಾಡಿದಳು.

"ಹೊರಡೋಣ ಅಪ್ಪ, ಸಿಸ್ಟರ್ ಕಾಯ್ತಿರ್ತಾರೆ," ಎಂದು ಅವನು ಎದ್ದ.

ಸಿಸ್ಟರ್ ಎಂದರೆ ನರ್ಸ್ ಕೆಲಸ ಬಿಟ್ಟು ಸಹಾಯವಾಣಿ ನಡೆಸುತ್ತಿದ್ದವರು. ಜೆರಾಕ್ಸ್ ಅಂಗಡಿಯ ಮೇಲೆ ಎರಡು ಕೋಣೆ, ಮೂರು ಮೇಜು, ಮೂರು ಫೋನು. ಬದುಕು ಸಾಕಾದವರು, ಮಾತಾಡಲು ಯಾರೂ ಇಲ್ಲದವರು ಅಲ್ಲಿಗೆ ಫೋನ್ ಮಾಡುತ್ತಾರೆ. ಅಮ್ಮ ಹೋದ ಮೇಲೆ, ಆರು ವರ್ಷದಿಂದ, ಅಪ್ಪ ವಾರಕ್ಕೆ ನಾಲ್ಕು ದಿನ ಅಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಆ ನಾಲ್ಕು ದಿನ ಮನೆಯಲ್ಲಿ ಅವರಿಗೆ ಹಸಿವಾಗುತ್ತಿತ್ತು, ಸೊಸೆಯನ್ನು ರೇಗಿಸುತ್ತಿದ್ದರು. ಉಳಿದ ಮೂರು ದಿನ ಪೇಪರು ಮಡಿಸಿ ಮಡಿಸಿ ಇಡುತ್ತಿದ್ದರು. ಇವತ್ತು ಅವರು ಆ ಕುರ್ಚಿ ಬಿಟ್ಟುಕೊಡಲು ಬಂದಿದ್ದರು.

ಮೇಜಿನ ಮೇಲಿದ್ದ ತಮ್ಮ ಹೆಡ್‌ಫೋನನ್ನು ಕರವಸ್ತ್ರದಿಂದ ಒರೆಸಿ ಸಿಸ್ಟರ್ ಮುಂದೆ ಇಟ್ಟರು.

"ಮೆಷಿನ್ ಹಾಕ್ಕೊಂಡಿದೀರಲ್ಲ ಸರ್, ಇನ್ನೇನು ಕಷ್ಟ?" ಎಂದರು ಸಿಸ್ಟರ್.

"ಮೆಷಿನ್ ನಂಬ್ಕೊಂಡು ಈ ಕೆಲಸಕ್ಕೆ ಕೂರೋಕಾಗಲ್ಲಮ್ಮ. ಇಲ್ಲಿಗೆ ಫೋನ್ ಮಾಡೋರು ಅರ್ಧ ಗಂಟೆ ಏನೇನೋ ಹೇಳ್ತಾರೆ. ಮುಖ್ಯವಾದ್ದನ್ನ ಒಂದೇ ಸಲ ಹೇಳೋದು. ಅದೂ ಮೆಲ್ಲಗೆ. ಅದೊಂದು ತಪ್ಪಿಹೋದ್ರೆ?"

ಸಿಸ್ಟರ್ ಎದ್ದು ಕಿಟಕಿಯ ಹತ್ತಿರ ಹೋಗಿ, ಬೆನ್ನು ತಿರುಗಿಸಿಕೊಂಡು, ತಮ್ಮಷ್ಟಕ್ಕೆ ಎನ್ನುವ ಹಾಗೆ ಮೆಲ್ಲಗೆ ಕೇಳಿದರು: "ಕಿಟಕಿ ಹಾಕ್ಲಾ?"

"ಬೇಡ, ಗಾಳಿ ಬರ್ಲಿ," ಎಂದರು ಅಪ್ಪ.

ಸಿಸ್ಟರ್ ತಿರುಗಿ ಅವನನ್ನು ನೋಡಿದರು. ವಾರ್ಡುಗಳಲ್ಲಿ ಸುಳ್ಳು ಕೇಳಿ ಕೇಳಿ ಪಳಗಿದ ಕಣ್ಣು.

"ನೀವಾದ್ರೂ ಹೇಳಿ. ಸೌಂಡಿನ ವಿಷಯ ನಿಮಗಿಂತ ಯಾರಿಗೆ ಗೊತ್ತು?"

ಆ ಕ್ಷಣ ಹೇಳಬಹುದಿತ್ತು. ಅಪ್ಪ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಕುರ್ಚಿ ಇನ್ನೂ ಅವರದೇ ಆಗಿತ್ತು. ಆದರೆ ಹೇಳಿದರೆ ಒಂದನ್ನೇ ಹೇಳಿ ನಿಲ್ಲಿಸುವ ಹಾಗಿರಲಿಲ್ಲ. ಆವತ್ತು ನಿರ್ದೇಶಕನಿಗೆ ಹೆದರಿ ನಿಮ್ಮ ಕಿವಿಯನ್ನು ಮಾರಿದೆ ಎನ್ನಬೇಕು. ಮೂರು ವಾರ ನೀವು ಸೊರಗುವುದನ್ನು ಎದುರಿಗೇ ಕೂತು ನೋಡಿದೆ ಎನ್ನಬೇಕು. ಬೆಳಿಗ್ಗೆ ಏಳೆಂಟು ಪದವಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಉದ್ದವಾಗಿಬಿಟ್ಟಿತ್ತು.

"ಡಾಕ್ಟರು ಹೇಳಿದ ಮೇಲೆ ನಾವೇನು ಹೇಳೋಕಾಗುತ್ತೆ," ಎಂದ.

ಫೋನ್ ಬಡಿದುಕೊಂಡಿತು. ಅಪ್ಪನ ಕೈ ತಾನಾಗಿ ಮುಂದಕ್ಕೆ ಹೋಗಿ ಅಲ್ಲೇ ನಿಂತಿತು. ಸಿಸ್ಟರ್ ಬಂದು ಎತ್ತಿಕೊಂಡರು. ಅಪ್ಪ ಕೈಯನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದರು.

ಕೆಳಗೆ ಬಂದ ಮೇಲೆ, ಜೆರಾಕ್ಸ್ ಯಂತ್ರದ ಕಟಕಟದ ನಡುವೆ ನಿಂತು, ಗೆಲುವು ತಂದುಕೊಂಡು ಹೇಳಿದರು: "ಮಧ್ಯಾಹ್ನದ ಆಟ ಇದೆಯಲ್ಲ? ನಡಿ. ಇವತ್ತಾದ್ರೂ ನಿನ್ನ ಕೆಲಸ ಸರಿಯಾಗಿ ಕೇಳ್ತೀನಿ."

"ಇವತ್ತೇ ಬೇಡ ಅಪ್ಪ. ಸುಸ್ತಾಗಿರುತ್ತೆ."

"ಸುಸ್ತು ಯಾಕೆ? ಕೂತ್ಕೊಂಡು ಕೇಳೋದು ತಾನೆ."

ಥಿಯೇಟರಿನಲ್ಲಿ ಮೂವತ್ತು ನಲವತ್ತು ಜನರಿದ್ದರು. ಅಪ್ಪ ಅವನ ಬಲಕ್ಕೆ ಕೂತರು. ಯಂತ್ರವಿದ್ದ ಕಿವಿ ಆಚೆ ಬದಿಗಾಯಿತು.

ಮೊದಲ ಹೊಡೆದಾಟಕ್ಕೇ ಅಪ್ಪನ ಭುಜಗಳು ಕಿವಿಯವರೆಗೆ ಬಂದವು. ಕಾರೊಂದು ಉರುಳಿದಾಗ ಕುರ್ಚಿಯ ಕೈ ಹಿಡಿದುಕೊಂಡರು. ಪ್ರತಿಸಲವೂ ಅವನ ಕಡೆ ತಿರುಗಿ ನಕ್ಕರು, ಭೇಷ್ ಎನ್ನುವ ಹಾಗೆ. ಅವನೂ ನಕ್ಕ. ತನ್ನ ಕೈಕೆಲಸ ಇಷ್ಟು ಒರಟೆಂದು ಅವನಿಗೆ ಸ್ಟುಡಿಯೋದಲ್ಲಿ ಅನ್ನಿಸಿರಲಿಲ್ಲ. ಅಲ್ಲಿ ಪಕ್ಕದಲ್ಲಿ ಯಾರಾದರೂ ಬೆಚ್ಚಿದ್ದನ್ನು ಅವನು ನೋಡುತ್ತಿರಲಿಲ್ಲ.

ಕೊನೆಗೆ ಬಿರುಗಾಳಿ ಎದ್ದಿತು. ತೆರೆಯ ಮೇಲೆ ಸಾಯುತ್ತಿದ್ದ ತಂದೆ ಬಾಯಿ ತೆರೆದ. ಅವನು ಕೂತಲ್ಲೇ ಕಿವಿಗೊಟ್ಟ. ಒಂದೊಂದು ಮಾತೂ ಸ್ಪಷ್ಟವಾಗಿತ್ತು. ನಿಜಕ್ಕೂ ಕೇಳುತ್ತಿದೆಯೋ, ತನಗೆ ಬಾಯಿಪಾಠವಿರುವುದರಿಂದ ಕೇಳುತ್ತಿದೆಯೋ ತಿಳಿಯಲಿಲ್ಲ. ತಿಳಿಯುವ ದಾರಿಯೇ ಅವನಿಗೆ ಮುಚ್ಚಿಹೋಗಿತ್ತು. ಮುಂದಿನ ಸಾಲಿನಲ್ಲಿ ಹೆಂಗಸೊಬ್ಬಳು ಗಂಡನ ಕಡೆ ಬಾಗಿ, "ಏನಂದ?" ಎಂದಳು. "ಯಾರಿಗ್ಗೊತ್ತು, ನೋಡು ಸುಮ್ನೆ," ಎಂದ ಗಂಡ.

ಅಪ್ಪ ಕತ್ತು ಮುಂದೆ ಚಾಚಿ ತೆರೆಯ ಮೇಲಿನ ತುಟಿಗಳನ್ನೇ ನೋಡುತ್ತಿದ್ದರು.

ಅವನಿಗೆ ತಡೆಯಲಾಗಲಿಲ್ಲ. ಅಪ್ಪನ ಎಡಗಿವಿಗೆ ಬಾಗಿ, ತೆರೆಯ ಮೇಲಿನ ತುಟಿ ಆಡಿದ ಹಾಗೆಲ್ಲ ಪಿಸುಗುಟ್ಟತೊಡಗಿದ.

"ನಿನ್ನ ಮೇಲೆ ನಂಗೆ ಸಿಟ್ಟಿಲ್ಲ ಮಗ... ನೀನು ಆವತ್ತು ಬಾಗಿಲು ಹಾಕ್ಕೊಂಡೆ, ನಾನು ಹೊರಗೇ ನಿಂತಿದ್ದೆ... ಒಳಗೆ ನೀನಿದ್ದೀಯ ಅಂತ ಗೊತ್ತಿತ್ತಲ್ಲ, ಅಷ್ಟು ಸಾಕಾಗಿತ್ತು..."

ಅಪ್ಪ ತಲೆಯಾಡಿಸಿದರು. "ಕೇಳ್ತಾ ಇದೆ, ಕೇಳ್ತಾ ಇದೆ," ಎಂದರು.

ಯಾರೋ ಬರೆದ ಮಾತು. ಅಪ್ಪ ಮಗನನ್ನು ಕ್ಷಮಿಸುವ ಮಾತು. ಅದನ್ನು ತಾನೇ ಅಪ್ಪನ ಕಿವಿಯಲ್ಲಿ ಹೇಳಿ, ಅವರಿಂದ ಹೂಂ ಅನ್ನಿಸಿಕೊಳ್ಳುತ್ತಿದ್ದೇನೆ ಎಂದು ಅವನಿಗೆ ಅಸಹ್ಯವಾಯಿತು. ಆದರೂ ನಿಲ್ಲಿಸಲಿಲ್ಲ.

ಹಿಂದಿನಿಂದ ಯಾರೋ ಭುಜ ತಟ್ಟಿದರು. "ಸ್ವಲ್ಪ ಮಾತು ನಿಲ್ಸಿ ಸ್ವಾಮಿ. ಸಿನಿಮಾ ಕೇಳಿಸ್ತಿಲ್ಲ."

ಅವನು ನೆಟ್ಟಗೆ ಕೂತ. ತೆರೆಯ ಮೇಲೆ ತಂದೆಯ ಕಣ್ಣು ಮುಚ್ಚಿತು. ಇನ್ನು ಸೇತುವೆ ಸಿಡಿಯಬೇಕು. ಅದಕ್ಕೆ ಮುಂಚೆ ಒಂಬತ್ತು ಸೆಕೆಂಡು ಅವನು ಎಲ್ಲ ಸದ್ದನ್ನೂ ತೆಗೆದುಹಾಕಿದ್ದ. ಗಾಳಿ ನಿಂತಿತು. ಪಿಟೀಲು ನಿಂತವು. ಸಭಾಂಗಣ ಬಾವಿಯ ಹಾಗಾಯಿತು.

ಆ ನಿಶ್ಶಬ್ದದಲ್ಲಿ ಒಂದು ಕೂಗು ಕೇಳಿಸಿತು. ಸೊಳ್ಳೆಯದಕ್ಕಿಂತ ಸ್ವಲ್ಪ ದೊಡ್ಡದು, ತೆಳ್ಳಗೆ, ಎಡೆಬಿಡದೆ. ಜನ ತಿರುಗಿ ನೋಡತೊಡಗಿದರು. ಅದು ತಾನು ಹಾಕಿದ ಸದ್ದಲ್ಲ ಎಂದು ಅವನಿಗೆ ತಕ್ಷಣ ತಿಳಿಯಿತು.

ಅಪ್ಪನ ಬಲಗಿವಿ ಬರಿದಾಗಿತ್ತು. ಯಾವಾಗ ತೆಗೆದಿದ್ದರೋ, ಯಂತ್ರ ಅವರ ಮುಚ್ಚಿದ ಮುಷ್ಟಿಯೊಳಗಿತ್ತು. ತನ್ನ ಸದ್ದನ್ನು ತಾನೇ ಕೇಳಿಕೊಳ್ಳುವಂತಾದರೆ ಆ ಯಂತ್ರಗಳು ಹೀಗೆ ಸಿಳ್ಳೆ ಹಾಕುತ್ತವೆ. ಅಷ್ಟು ಹೊತ್ತು, ಅಷ್ಟು ಗಾಳಿಯ ನಡುವೆ, ಅವನ ಪಿಸುಮಾತನ್ನು ಅಪ್ಪ ಬರಿಗಿವಿಯಲ್ಲೇ ಕೇಳಿ ತಲೆಯಾಡಿಸಿದ್ದರು.

ಅದು ಅವರಿಗೂ ಗೊತ್ತಾಯಿತೋ ಏನೋ. ಅಪ್ಪ ತೆರೆಯ ಕಡೆಯೇ ನೋಡುತ್ತಿದ್ದರು, ಮುಖ ನೀಲಿ ಬೆಳಕಿನಲ್ಲಿ ಅಲ್ಲಾಡದೆ ಇತ್ತು. ಮುಷ್ಟಿಯನ್ನು ಇನ್ನೂ ಬಿಗಿ ಮಾಡಿದರು. ಬಿಗಿ ಮಾಡಿದಷ್ಟೂ ಅದು ಕೂಗಿತು.

ಕೈ ಹಿಡಿದು ಬಿಡಿಸಬಹುದಿತ್ತು. ಅವನಿಗೆ ಲೆಕ್ಕ ಗೊತ್ತಿತ್ತು: ಸದ್ದು ಮರಳಲು ಇನ್ನು ಆರು ಸೆಕೆಂಡು, ಐದು. ಅಪ್ಪನ ಮುಷ್ಟಿ ಕೂಗುತ್ತಲೇ ಇತ್ತು. ಅವನು ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು, ಸೇತುವೆ ಸಿಡಿಯುವುದನ್ನೇ ಕಾಯುತ್ತ ಕೂತ.